ದೂರಿನಲ್ಲಿಲ್ಲದ ಗ್ಯಾಲರಿ

"ಶಾಲೆ ಅನ್ನೋ ಮಾತು ನಿನ್ನ ಬಾಯಿಂದ ಇನ್ನೊಂದು ಸಲ ಬಂದ್ರೆ ನಾನು ಈಗಲೇ ಎದ್ದು ಹೋಗ್ತೀನಿ," ಎಂದು ಭಾವ ಮೇಜು ಗುದ್ದಿದ. "ಆಮೇಲೆ ಆ ಮೂವರ ಮುಂದೆ ನೀನೊಬ್ಬನೇ ಕೂತ್ಕೊ. ಏನಾದ್ರೂ ಮಾಡ್ಕೊಂಡು ಹಾಳಾಗಿ ಹೋಗು."

"ಹೋಗಿ. ಯಾರು ಹಿಡ್ಕೊಂಡಿದಾರೆ ನಿಮ್ಮನ್ನ? ಬಾಗಿಲು ತೆರೆದೇ ಇದೆ."

"ಕೇಳಿಸ್ಕೊಂಡೆಯೇನೇ ನಿನ್ನ ಗಂಡನ ಮಾತು?" ಭಾವ ಒಳಕೋಣೆಯ ಕಡೆ ಕತ್ತು ಚಾಚಿ ಕೂಗಿದ. "ಹದಿನೈದು ದಿನದಿಂದ ನನ್ನ ಕೆಲಸ ಬಿಟ್ಟು ಇವನ ಉತ್ತರ ಬರೆದು ಕೊಟ್ಟಿದೀನಿ. ಇವತ್ತು ನಂಗೇ ಬಾಗಿಲು ತೋರಿಸ್ತಿದಾನೆ."

ಒಳಗೆ ಅಂಗಿಗೆ ಇಸ್ತ್ರಿ ಹಾಕುತ್ತಿದ್ದ ಹೆಂಡತಿ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ಹೊರಗೆ ಬಂದಳು. ಜಗಳವಾಡುತ್ತಿದ್ದವರಲ್ಲಿ ಒಬ್ಬ ಅವಳ ಗಂಡ, ಇನ್ನೊಬ್ಬ ಅವಳ ಒಡಹುಟ್ಟಿದ ಅಣ್ಣ. ಇಬ್ಬರೂ ಎಂಜಿನಿಯರುಗಳೇ. ಗಂಡ ಕಟ್ಟಡ ಕಟ್ಟಿಸುವವನು, ಅಣ್ಣ ಊರಿಗೆ ನೀರಿನ ಪೈಪು ಹಾಕಿಸುವವನು.

"ಯಾವ ಶಾಲೆ?" ಎಂದಳು.

ಅಷ್ಟು ಹೊತ್ತು ಬೀದಿಗೆ ಕೇಳುವಂತೆ ಕೂಗಾಡಿದ್ದವರು ಈಗ ನೆಲ ನೋಡತೊಡಗಿದರು.

"ಗೇಟಿನ ವಿಷಯಕ್ಕೆ ವಿಚಾರಣೆ ಅಂದಿದ್ರಲ್ಲ. ಶಾಲೆ ಎಲ್ಲಿಂದ ಬಂತು?"

ಗೇಟಿನ ವಿಷಯ ಊರಿಗೆಲ್ಲ ಗೊತ್ತಿತ್ತು. ಒಂದು ಕಾರ್ಖಾನೆಯ ಗೇಟಿನ ಮೇಲೆ ಅವಳ ಗಂಡ ಕಟ್ಟಿಸಿದ್ದ ಚಾವಣಿ ಎರಡು ತಿಂಗಳ ಹಿಂದೆ, ಮಳೆ ನಿಂತ ಒಂದು ಮುಂಜಾನೆ, ಧಡಾರನೆ ಬಿದ್ದುಹೋಯಿತು. ಕಾವಲುಗಾರ ಮುಖ ತೊಳೆಯಲು ನಾಲ್ಕು ಹೆಜ್ಜೆ ಆಚೆ ಹೋಗಿದ್ದ. ಅದಕ್ಕೇ ಬರೀ ಹೆಗಲ ಮೂಳೆ ಮುರಿದು ಉಳಿದುಕೊಂಡ. ಕಾರ್ಖಾನೆಯ ಮಾಲೀಕ ಎಂಜಿನಿಯರುಗಳ ಸಂಘಕ್ಕೆ ದೂರು ಕೊಟ್ಟ. ವರ್ಷಕ್ಕೊಮ್ಮೆ ಊಟ ಹಾಕಿ ಕಳಿಸುವಂಥ ಸಂಘವಲ್ಲ ಅದು. ಅದರ ಸದಸ್ಯನಾಗಿದ್ದರೆ ಮಾತ್ರ ನಕ್ಷೆಗೆ ಸೀಲು ಒತ್ತಬಹುದು. ಸೀಲಿಲ್ಲದ ನಕ್ಷೆಯನ್ನು ಗಾರೆಯವನೂ ಮುಟ್ಟುವುದಿಲ್ಲ. ಸದಸ್ಯರು ಹೇಗೆ ನಡೆದುಕೊಳ್ಳಬೇಕು ಎಂದು ಸಂಘದವರು ನಲವತ್ತೆರಡು ನಿಯಮಗಳ ಒಂದು ನೀಲಿ ಪುಸ್ತಕ ಅಚ್ಚು ಹಾಕಿಸಿದ್ದಾರೆ. ತಪ್ಪಿದವರನ್ನು ಶಿಸ್ತು ಸಮಿತಿ ಕರೆಸುತ್ತದೆ. ಇವತ್ತು ಹತ್ತೂವರೆಗೆ ಅವನ ಸರದಿ. ಜೊತೆಗೆ ಪರವಾಗಿ ಮಾತಾಡಲು ಇನ್ನೊಬ್ಬ ಸದಸ್ಯನನ್ನು ಕರೆದೊಯ್ಯಲು ನಿಯಮದಲ್ಲಿ ಅವಕಾಶವಿತ್ತು. ಭಾವ ಬಂದಿದ್ದು ಅದಕ್ಕೆ.

"ಹೇಳಿಬಿಡು," ಎಂದ ಭಾವ, ಸೋತ ದನಿಯಲ್ಲಿ. "ಅವಳೊಬ್ಬಳಿಗೆ ಇನ್ನೂ ನಿದ್ದೆ ಬರ್ತಿತ್ತು ಈ ಮನೇಲಿ. ಅದನ್ನೂ ಕೆಡಿಸು."

ಗಂಡ ಗೋಡೆಯ ಹತ್ತಿರ ಹೋಗಿ ನಿಂತು ಒಂದು ಕೈಯನ್ನು ಮುಂದಕ್ಕೆ ಚಾಚಿದ. "ನೋಡು. ಗೇಟಿನ ಚಾವಣಿ ಹೀಗೆ. ಗೋಡೆಯಿಂದ ಕೈ ಚಾಚಿದ ಹಾಗೆ ನಿಂತಿರುತ್ತೆ, ಕೆಳಗೆ ಕಂಬ ಇರಲ್ಲ. ಭಾರ ಹಾಕಿದ್ರೆ ಎಲ್ಲಿ ಎಳೆಯುತ್ತೆ? ಮೇಲ್ಗಡೆ. ಅದಕ್ಕೇ ಕಂಬಿ ಮೇಲೇ ಇರಬೇಕು. ಕಾಂಕ್ರೀಟ್ ಸುರಿಯೋವಾಗ ಆಳುಗಳು ತುಳಿದು ಕಂಬಿ ಕೆಳಗೆ ಇಳಿಯಬಾರದು ಅಂತ ಅದಕ್ಕೆ ಕಬ್ಬಿಣದ ಸಣ್ಣ ಸಣ್ಣ ಕಾಲು ಕೊಡ್ತೀವಿ. ಚೇರು ಅಂತೀವಿ ಅದನ್ನ."

"ಆಯ್ತು."

"ಮೊದಲು ಐದಿಂಚಿನ ಚಾವಣಿ ಬರೆದಿದ್ದೆ. ಆಮೇಲೆ ಯಾಕೋ ಧೈರ್ಯ ಸಾಲಲಿಲ್ಲ. ಇರಲಿ, ಗಟ್ಟಿ ಇರಲಿ ಅಂತ ಏಳಿಂಚು ಮಾಡಿದೆ. ನಕ್ಷೆಯಲ್ಲಿ ತಿದ್ದಿದೆ. ಕಂಬಿ ಪಟ್ಟಿಯಲ್ಲಿ ಚೇರಿನ ಎತ್ತರ ತಿದ್ದಲಿಲ್ಲ."

ಅವನು ಚಾಚಿದ ಕೈಯನ್ನು ಇನ್ನೂ ಇಳಿಸಿರಲಿಲ್ಲ.

ಕೆಲಸದ ಜಾಗದಲ್ಲಿ ಅವನಿಗೆ 'ಮಿಲ್ಲಿಮೀಟರ್ ಸಾಹೇಬ್ರು' ಎಂದು ಹೆಸರು. ಎರಡು ಮಿಲ್ಲಿಮೀಟರ್ ಹೆಚ್ಚುಕಮ್ಮಿ ಇದ್ದರೆ ಕಟ್ಟಿದ್ದನ್ನು ಬಿಚ್ಚಿಸುವ ಆಸಾಮಿ. ಅಂಥವನು ಕಾಂಕ್ರೀಟಿಗೆ ಮುಂಚೆ ಆ ಚಾವಣಿಯ ಹಲಗೆ ಹತ್ತಿ, ಬಗ್ಗಿ, ಚೇರುಗಳನ್ನು ಬೆರಳು ಮಡಚಿ ಎಣಿಸಿದ. ಅರವತ್ತನಾಲ್ಕು ಇರಬೇಕಿತ್ತು, ಅರವತ್ತನಾಲ್ಕೇ ಇದ್ದವು. ಒಂದೇ ಒಂದು ಚೇರಿಗೂ ಟೇಪು ಹಿಡಿಯಲಿಲ್ಲ. 'ಕಂಬಿ ನೋಡಿದ್ದೇನೆ, ಕಾಂಕ್ರೀಟು ಹಾಕಬಹುದು' ಎಂಬ ಚೀಟಿಗೆ ಸಹಿ ಮಾಡಿ ಕೆಳಗಿಳಿದ. ಎರಡಿಂಚಿನ ಭಾರ ಹೆಚ್ಚಾಯಿತು, ಕಂಬಿ ಎರಡಿಂಚು ಕೆಳಗೇ ಉಳಿಯಿತು. ಬೇಜವಾಬ್ದಾರಿಯ ಎಂಜಿನಿಯರು ಇಂಥ ತಪ್ಪು ಮಾಡಲಾರ. ಅವನು ಐದಿಂಚಿಗೇ ಬಿಟ್ಟು ಮನೆಗೆ ಹೋಗಿರುತ್ತಿದ್ದ.

"ಬಿದ್ದ ಚಾವಣಿ ಬಿತ್ತು, ಚೂರುಗಳನ್ನ ಮಾಲೀಕನೇ ಎರಡೇ ದಿನದಲ್ಲಿ ಲಾರಿಗೆ ತುಂಬಿಸಿ ಸಾಗಿಸಿದಾನೆ," ಎಂದ ಭಾವ ತಂಗಿಗೆ. "ಚೇರು ಗೀರು ಅಂತ ಯಾರ ಹತ್ರಾನೂ ಸಾಕ್ಷಿ ಇಲ್ಲ. ಮಳೆ ನೀರು ಹೋಗೋ ತೂತು ಮುಚ್ಚೋ ಹಾಗೆ ಮಾಲೀಕನೇ ಕಾರ್ಖಾನೆ ಬೋರ್ಡು ಹೊಡೆಸಿದ್ದ. ನೀರು ನಿಂತು ಬಿತ್ತು. ನಾನು ಬರೆದಿರೋ ಉತ್ತರ ಅದು. ಸುಳ್ಳೂ ಅಲ್ಲ. ಒಂದು ಎಚ್ಚರಿಕೆ ಕೊಟ್ಟು ಕಳಿಸ್ತಾರೆ."

"ಶಾಲೆ?" ಎಂದಳು ಅವಳು ಮತ್ತೆ. ಅವಳೂ ಬಿಡುವ ಪೈಕಿಯಲ್ಲ.

ಅವನು ಕುರ್ಚಿಗೆ ಬಂದು ಕೂತ. "ಕಂಬಿ ಮೇಸ್ತ್ರಿ ಬಂದಿದ್ದನಲ್ಲ, ಹದಿನೈದು ದಿನದ ಹಿಂದೆ."

ಮೇಸ್ತ್ರಿ ಬಂದಿದ್ದು ಸಮಾಧಾನ ಹೇಳಲು. ಅರವತ್ತು ದಾಟಿದ ಮನುಷ್ಯ, ಹೊಸಿಲ ಹತ್ತಿರವೇ ಕುಕ್ಕರಗಾಲಲ್ಲಿ ಕೂತು, "ನೀವು ಏನೂ ಯೋಚ್ನೆ ಮಾಡ್ಬೇಡಿ ಸರ್, ನಿಮ್ ಕೆಲ್ಸ ನಂಗೊತ್ತಿಲ್ವಾ," ಎಂದಿದ್ದ. ಎದ್ದು ಹೋಗುವಾಗ, ತಾನು ಎಷ್ಟು ಜೋಪಾನದ ಮನುಷ್ಯ ಎಂದು ತೋರಿಸಲು ಒಂದು ಮಾತು ಸೇರಿಸಿದ: "ಗೇಟಿನ ಕೆಲ್ಸದಲ್ಲಿ ಒಂದು ಚೀಲ ಚೇರು ಉಳಿದಿತ್ತಲ್ಲ ಸರ್, ನಾನು ಬಿಸಾಕಲಿಲ್ಲ. ಶಾಲೆ ಗ್ಯಾಲರಿಗೆ ಹಾಕಿದೆ. ಅದೂ ಏಳಿಂಚೇ ಅಲ್ವಾ."

ಶಾಲೆಯ ಎರಡನೇ ಮಹಡಿಯಲ್ಲಿ, ತರಗತಿಗಳ ಮುಂದೆ, ಆ ಗ್ಯಾಲರಿ ಇತ್ತು. ತೊಂಬತ್ತು ಅಡಿ ಉದ್ದ. ಕೆಳಗೆ ಕಂಬ ಇಲ್ಲ. ಅದರ ಚೀಟಿಗೂ ಅವನದೇ ಸಹಿ. ಅಲ್ಲೂ ಎಣಿಸಿದ್ದ.

ಅದಾದ ಮೇಲೆ ನಾಲ್ಕು ಸಲ ಅವನು ಆ ಶಾಲೆಗೆ ಹೋಗಿ ಬಂದ. ಬಣ್ಣದ ನೆಪ, ನೀರಿನ ತೊಟ್ಟಿಯ ನೆಪ. ಮೂರು ಸಲ ಏನೂ ಕಾಣಲಿಲ್ಲ. ನಾಲ್ಕನೇ ಸಲ, ಮೊನ್ನೆ, ಗೋಡೆಯ ಬುಡದಲ್ಲಿ ಎರಡು ಟೈಲುಗಳ ನಡುವೆ ಬಿಳಿ ಸಿಮೆಂಟಿನ ಗೆರೆ ಬಿಟ್ಟುಕೊಂಡದ್ದು ಕಂಡಿತು. ಜೇಬಿನಿಂದ ವಿಸಿಟಿಂಗ್ ಕಾರ್ಡು ತೆಗೆದು ಅದರ ಅಂಚನ್ನು ಅಲ್ಲಿ ಇಟ್ಟ. ಕಾರ್ಡು ತನ್ನಷ್ಟಕ್ಕೆ ಒಳಗೆ ಹೋಯಿತು, ಅವನ ಹೆಸರಿನ ತನಕ. ಅಷ್ಟರಲ್ಲಿ ಗಂಟೆ ಹೊಡೆದು ಮಕ್ಕಳು ದಬದಬ ಹೊರಗೆ ಬಂದರು. ಅವನು ಗೋಡೆಗೆ ಬೆನ್ನು ಹಚ್ಚಿ ನಿಂತುಬಿಟ್ಟ. ಕಾಲ ಕೆಳಗೆ ನೆಲ ಅದುರುತ್ತಿದೆಯೋ ತನ್ನ ಕಾಲೇ ಅದುರುತ್ತಿದೆಯೋ ತಿಳಿಯಲಿಲ್ಲ. ಒಬ್ಬಳು ಪುಟ್ಟ ಹುಡುಗಿ, "ಅಂಕಲ್, ನಿಮಗೆ ಹುಷಾರಿಲ್ವಾ?" ಎಂದು ಕೇಳಿದಳು.

"ಬೀಳುತ್ತಾ ಅದು?" ಎಂದಳು ಹೆಂಡತಿ.

"ಗೊತ್ತಿಲ್ಲ."

"ಗೊತ್ತಿಲ್ಲ ಅಂದ್ರೆ? ನೀವು ಎಂಜಿನಿಯರು."

"ಇವತ್ತು ಬೀಳಬಹುದು. ಹತ್ತು ವರ್ಷ ನಿಲ್ಲಬಹುದು. ಗೇಟು ಹದಿನಾಲ್ಕು ತಿಂಗಳು ನಿಂತಿತ್ತು. ಇವತ್ತು ಹನ್ನೆರಡೂವರೆಗೆ ಆ ಶಾಲೇಲಿ ಗ್ರೂಪ್ ಫೋಟೋ. ಕೊನೇ ತರಗತಿ ಮಕ್ಕಳೆಲ್ಲ ಗ್ಯಾಲರಿಲಿ ನಿಲ್ತಾರೆ, ಫೋಟೋದವನು ಅಂಗಳದಿಂದ ತೆಗೀತಾನೆ. ಅಂಗಳದಲ್ಲೇ ನಿಲ್ಲಿಸಿ ಅಂತ ನಿನ್ನೆ ಹೆಡ್‌ಮೇಡಂಗೆ ಫೋನ್ ಮಾಡಿದ್ದೆ. ಧೂಳು ಸರ್, ಬಿಳಿ ಸಾಕ್ಸ್ ಹಾಕ್ಕೊಂಡು ಬಂದಿರ್ತಾರೆ ಅಂತ ನಕ್ಕರು. ನೀವೂ ಬನ್ನಿ ಅಂದ್ರು."

"ಕಾರಣ ಹೇಳಲಿಲ್ವಾ?"

ಭಾವ ನೀಲಿ ಪುಸ್ತಕ ಎತ್ತಿ ತೋರಿಸಿದ. "ಹೇಗೆ ಹೇಳ್ತಾನೆ? ಹದಿನೆಂಟನೇ ನಿಯಮ. ವಿಚಾರಣೆ ಮುಗಿಯೋವರೆಗೂ ತನ್ನ ಕೆಲಸದ ಬಗ್ಗೆ ಹೊರಗಿನವರ ಹತ್ರ ತುಟಿ ಬಿಚ್ಚೋ ಹಾಗಿಲ್ಲ. ಬಿಚ್ಚಿದ್ರೆ ಉತ್ತರ ಕೊಡೋ ಹಕ್ಕೇ ಹೋಯ್ತು."

"ಒಂಬತ್ತನೇ ನಿಯಮಾನೂ ಇದೆ," ಎಂದ ಅವನು. "ಅಪಾಯ ಅಂತ ಕಂಡ್ರೆ ಅಧ್ಯಕ್ಷರು ಯಾವ ಕಟ್ಟಡವನ್ನಾದ್ರೂ ಆಗಿಂದಾಗ್ಲೇ ಮುಚ್ಚಿಸಬಹುದು. ಅವರ ಒಂದು ಫೋನಿಗೆ ಶಾಲೆ ಖಾಲಿಯಾಗುತ್ತೆ. ನನ್ನ ಫೋನಿಗೆ ಹೆಡ್‌ಮೇಡಂ ನಗ್ತಾರೆ. ಹತ್ತೂವರೆಗೆ ಹೇಳಿದ್ರೆ ಹನ್ನೊಂದಕ್ಕೆ ಎಲ್ಲ ಮುಗಿಯುತ್ತೆ."

ಅವನು ಹೇಳಿದ್ದು ನಿಜ, ಪೂರ್ತಿ ನಿಜವಲ್ಲ. ಪೂರ್ತಿ ನಿಜ ಏನೆಂದರೆ ಅವನಿಗೆ ಹೆದರಿಕೆ. ತಾನೇ ಹೋಗಿ ಹೆಡ್‌ಮೇಡಂ ಎದುರು ನಿಂತು 'ನಾನು ಅಳೆಯಲಿಲ್ಲ' ಎನ್ನುವ ಎದೆಗಾರಿಕೆ ಎರಡು ವಾರದಿಂದ ಅವನಿಗೆ ಬಂದಿರಲಿಲ್ಲ. ಸಮಿತಿಯ ಹೆಗಲಿಗೆ ಅದನ್ನು ಇಳಿಸಿಬಿಟ್ಟರೆ ಸಾಕಾಗಿತ್ತು.

"ಹೇಳಿದ್ರೆ ಏನಾಗುತ್ತೆ ಅಣ್ಣ?"

"ಸೀಲು ಹೋಗುತ್ತೆ. ಪೊಲೀಸು ಬರ್ತಾರೆ. ಗೇಟಿನ ಮಾಲೀಕ, ಶಾಲೆಯವರು, ಎಲ್ಲ ಸೇರಿ ಮನೆ ಬರೆಸ್ಕೊಳ್ತಾರೆ. ನಾಳೆಯಿಂದ ನಾನು ನಿಮ್ಮಿಬ್ಬರನ್ನ ಸಾಕಬೇಕು. ನಿಮ್ಮ ಅತ್ತಿಗೆ ಹತ್ರ ಯಾರು ಕೇಳ್ತಾರೆ, ನೀನಾ ನಾನಾ?"

ಕೊನೆಯ ಮಾತಿಗೆ ಯಾರೂ ನಗಲಿಲ್ಲ. ಅವಳು ಒಳಗೆ ಹೋಗಿ ಅಂಗಿ ತಂದು ಗಂಡನ ಕೈಗೆ ಕೊಟ್ಟಳು. ಅದು ಇನ್ನೂ ಬೆಚ್ಚಗಿತ್ತು. ಅವನು ತೊಟ್ಟ ಮೇಲೆ ಗುಂಡಿಗಳನ್ನು ಅವಳೇ ಹಾಕಿದಳು.

"ನೀವು ಹೇಳಿದ್ರೂ ನಂಗೆ ಭಯ ರೀ," ಎಂದಳು ಮೆಲ್ಲಗೆ, ಕತ್ತಿನ ಗುಂಡಿ ಹಾಕುತ್ತ. "ಹೇಳದೇ ಬಂದ್ರೂ ಭಯ. ಹೇಳದೇ ಬಂದ್ರೆ ರಾತ್ರಿ ಪಕ್ಕದಲ್ಲಿ ಹೇಗೆ ಮಲ್ಕೊಳ್ಳಲಿ?"

ದಾರಿಯುದ್ದಕ್ಕೂ ತನ್ನ ಕಾರಿನಲ್ಲಿ ಭಾವ ಪಾಠ ಹೇಳಿದ. ಕೇಳಿದ್ದಕ್ಕೆ ಮಾತ್ರ ಉತ್ತರ. ಹೌದು, ಇಲ್ಲ, ನೆನಪಿಲ್ಲ. "ಹಸಿ ಕಾಂಕ್ರೀಟಿಗೆ ಹೊಡೆಯೋ ಹಾಗೆ ನಿನ್ನ ನಾಲಿಗೆಗೂ ಸೆಂಟ್ರಿಂಗ್ ಹಲಗೆ ಹೊಡೆದು ಇಪ್ಪತ್ತೆಂಟು ದಿನ ಅಲ್ಲಾಡದ ಹಾಗೆ ಬಿಡಬೇಕು," ಎಂದ. ಅವನು ಕಿಟಕಿಯಿಂದ ಹೊರಗೆ ನೋಡುತ್ತಿದ್ದ. ಎರಡು ವಾರದಿಂದ ಅವನಿಗೆ ಬೀದಿಯಲ್ಲಿ ಮನುಷ್ಯರು ಕಾಣುತ್ತಿರಲಿಲ್ಲ. ಕೈ ಚಾಚಿದ ಬಾಲ್ಕನಿಗಳು, ಅಂಗಡಿಗಳ ಮೇಲಿನ ಸಜ್ಜಾಗಳು, ಅವುಗಳ ಕೆಳಗೆ ಏನೂ ತಿಳಿಯದೆ ನಿಂತ ತಲೆಗಳು ಮಾತ್ರ ಕಾಣುತ್ತಿದ್ದವು.

ಸಂಘದ ಕಟ್ಟಡ ಹಳೆಯದು, ದಪ್ಪ ಗೋಡೆಯದು. ಮೊದಲ ಮಹಡಿಯ ಪಡಸಾಲೆಯಲ್ಲಿ ಅಟೆಂಡರ್ ಮೇಜು ಹಾಕಿಕೊಂಡು ಕೂತಿದ್ದ. ವಿಚಾರಣೆಯ ಮಾತು ಯಾರೂ ಕದ್ದು ರೆಕಾರ್ಡ್ ಮಾಡಿಕೊಳ್ಳಬಾರದೆಂದು ಫೋನುಗಳನ್ನು ಅವನ ಮುಂದಿನ ತಟ್ಟೆಯಲ್ಲಿ ಬಿಡಬೇಕಿತ್ತು. ಇಬ್ಬರೂ ಬಿಟ್ಟರು. ಅಟೆಂಡರ್ ಎರಡು ಬಿಲ್ಲೆ ಕೊಟ್ಟ. ಶಿಸ್ತು ಸಮಿತಿಯ ದಿನ ಅಲ್ಲಿ ಯಾರನ್ನೂ ಹೆಸರು ಹಿಡಿದು ಕರೆಯುವ ಪದ್ಧತಿ ಇರಲಿಲ್ಲ. ಮಾನ ಉಳಿಯಲಿ ಎಂದು ಹಿಂದೆ ಯಾರೋ ಮಾಡಿದ ಏರ್ಪಾಡು. ಆದರೆ ಸಂಖ್ಯೆ ಕೂಗುವಾಗ ಅಟೆಂಡರ್ ಬಾಯಲ್ಲಿ ಅದು ಜೈಲಿನ ಹಾಗೆ ಕೇಳುತ್ತಿತ್ತು.

"ಸದಸ್ಯ ಸಂಖ್ಯೆ ನಾನೂರ ಹದಿನೇಳು."

ಒಳಗೆ ಉದ್ದ ಮೇಜಿನ ಆಚೆ ಮೂವರು. ನಡುವೆ ಅಧ್ಯಕ್ಷರು, ಹಿಂದೆ ಕಾಲೇಜಿನಲ್ಲಿ ಅವನಿಗೆ ಪಾಠ ಹೇಳಿದ್ದವರು. ಎಡಕ್ಕೆ ಟಿಪ್ಪಣಿ ಬರೆಯುವ ಕಾರ್ಯದರ್ಶಿ. ಬಲಕ್ಕೆ ಒಬ್ಬ ಹೆಂಗಸು. ಎರಡು ನದಿಗಳ ಮೇಲೆ ಕೆಲಸ ಮಾಡಿಸಿದ್ದರಿಂದ ಎಲ್ಲರೂ ಅವರನ್ನು ಸೇತುವೆ ಮೇಡಂ ಎನ್ನುತ್ತಿದ್ದರು. ಅವರೆದುರು ಫೈಲು ಬಿಟ್ಟರೆ ಏನೂ ಇರಲಿಲ್ಲ, ನೀರಿನ ಲೋಟ ಕೂಡ.

"ಕೂತ್ಕೊಳಪ್ಪ," ಎಂದರು ಅಧ್ಯಕ್ಷರು. "ಬೆವರ್ತಿದೀಯಲ್ಲ. ಫ್ಯಾನ್ ಜೋರು ಮಾಡಿಸ್ಲಾ?"

ಭಾವ ಎದ್ದು ನಿಂತು ಉತ್ತರ ಓದಿದ. ಚೆನ್ನಾಗಿಯೇ ಓದಿದ. ಬೋರ್ಡು, ಮುಚ್ಚಿದ ತೂತು, ನಿಂತ ನೀರಿನ ತೂಕ, ಮಾಲೀಕ ಅವಸರದಲ್ಲಿ ಸಾಗಿಸಿದ ಚೂರುಗಳು. ಅಧ್ಯಕ್ಷರು ತಲೆಯಾಡಿಸುತ್ತ ಹೋದರು. ಹೇಳಬೇಕು, ಈ ವಾಕ್ಯ ಮುಗಿದ ಮೇಲೆ ಹೇಳಬೇಕು, ಇದಾದ ಮೇಲೆ, ಎಂದು ಅವನು ಅಂದುಕೊಳ್ಳುತ್ತಲೇ ಹನ್ನೊಂದಾಯಿತು, ಹನ್ನೊಂದೂಕಾಲಾಯಿತು. ಭಾವ ಕೂತ.

"ಇನ್ನೇನಾದ್ರೂ ಹೇಳೋದಿದೆಯೇನಪ್ಪ?"

"ಇಲ್ಲ ಸರ್," ಎಂದುಬಿಟ್ಟ ಅವನು.

ಕಾರ್ಯದರ್ಶಿ ಬರೆದುಕೊಂಡ. ಅಧ್ಯಕ್ಷರು ಫೈಲು ಮಡಚಲು ಕೈ ಹಾಕಿದರು.

"ಒಂದು ನಿಮಿಷ," ಎಂದರು ಸೇತುವೆ ಮೇಡಂ. "ಚೇರು ಹಾಕಿಸಿದ್ರಾ?"

"ಹಾಕಿಸಿದಾರೆ ಮೇಡಂ, ಅರವತ್ತನಾಲ್ಕು," ಎಂದು ಭಾವ ಥಟ್ಟನೆ ನಡುವೆ ಬಂದ. "ಚೀಟಿ ಲಗತ್ತಿಸಿದೆ. ಒಂಬತ್ತನೇ ಪುಟ."

"ಎಷ್ಟು ಅಂತ ಕೇಳಲಿಲ್ಲ. ನಿಮ್ಮನ್ನೂ ಕೇಳಲಿಲ್ಲ. ಎಷ್ಟು ಎತ್ತರದ್ದು?"

ಭಾವನ ಮೊಣಕಾಲು ಮೇಜಿನ ಕೆಳಗೆ ಅವನ ಮೊಣಕಾಲನ್ನು ಒತ್ತಿತು. ನೆನಪಿಲ್ಲ ಎಂದರೆ ಆಗಿತ್ತು. ಅವನು ಬಾಯಿ ತೆರೆದ.

"ಮೂರೂವರೆ ಇಂಚು. ಐದೂವರೆ ಇರಬೇಕಿತ್ತು."

ಕಾರ್ಯದರ್ಶಿಯ ಪೆನ್ನು ನಿಂತಿತು. ಒಂದು ಸಲ ಬಾಯಿ ಬಿಟ್ಟ ಮೇಲೆ ಅವನಿಗೆ ತಡೆಯಲು ಆಗಲಿಲ್ಲ. ಪಟ್ಟಿ ತಿದ್ದದೇ ಬಿಟ್ಟದ್ದು, ಅಳೆಯದೆ ಎಣಿಸಿದ್ದು, ಮೇಸ್ತ್ರಿಯ ಚೀಲ, ಗ್ಯಾಲರಿ, ಟೈಲಿನ ಸಂದಿಗೆ ಇಳಿದ ಕಾರ್ಡು, ಹನ್ನೆರಡೂವರೆಯ ಫೋಟೋ, ಎಲ್ಲವನ್ನೂ ಹಿಂದುಮುಂದು ಮಾಡಿ ಹೇಳಿದ. ಹೇಳಿ ಗಡಿಯಾರ ನೋಡಿದ. ಹನ್ನೊಂದು ಇಪ್ಪತ್ತೈದು. "ಒಂದು ಫೋನ್ ಮಾಡಿ ಸರ್. ಒಂಬತ್ತನೇ ನಿಯಮ."

ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿದರು. ಆಮೇಲೆ ಕಾರ್ಯದರ್ಶಿಯ ಕಡೆ ತಿರುಗಿ, "ಅದನ್ನೆಲ್ಲ ಬರ್ಕೋಬೇಡಿ," ಎಂದರು.

"ಸರ್—"

"ಇವತ್ತು ನಮ್ಮ ಮುಂದೆ ಇರೋದು ಗೇಟಿನ ದೂರು. ದೂರಿನಲ್ಲಿ ಇಲ್ಲದ್ದನ್ನ ಸಮಿತಿ ಕಿವಿಗೂ ಹಾಕ್ಕೊಳ್ಳೋ ಹಾಗಿಲ್ಲ. ನಿಯಮ ಇಪ್ಪತ್ತಾರು. ಶಾಲೆ ಬಗ್ಗೆ ಏನಾದ್ರೂ ಇದ್ರೆ ಬೇರೆ ಅರ್ಜಿ ಬರಲಿ. ನೋಟಿಸು, ಇಪ್ಪತ್ತೊಂದು ದಿನ, ಎಲ್ಲ ಕ್ರಮವಾಗಿ ಆಗಲಿ."

"ಒಂಬತ್ತನೇ ನಿಯಮಕ್ಕೆ ಇಪ್ಪತ್ತೊಂದು ದಿನ ಬೇಡ ಸರ್."

"ಬೇಡ. ಆದ್ರೆ ಬರವಣಿಗೆ ಬೇಕು. ಆರೋಪ ಇರೋ ಸದಸ್ಯ ಕೊಡೋ ಹಾಗಿಲ್ಲ, ಇನ್ನೊಬ್ಬ ಸದಸ್ಯ ಕೊಡಬೇಕು. ಓದ್ಕೊಂಡು ಬಂದಿಲ್ವಾ? ಹೆದರಿದವನ ಬಾಯಿಮಾತಿಗೆ ನಾನು ಶಾಲೆ ಮುಚ್ಚಿಸಿ, ನಾಳೆ ಅಲ್ಲಿ ಏನೂ ಇಲ್ಲ ಅಂತಾದ್ರೆ ಸಂಘದ ಮುಖಕ್ಕೆ ಮಸಿ."

"ಏನೋ ಇದೆ ಅಂತಾದ್ರೆ?" ಎಂದರು ಸೇತುವೆ ಮೇಡಂ.

"ಅದಕ್ಕೇ ನಾವು ನಾವೇ ಮಾತಾಡೋಣ. ಸದಸ್ಯರು ಹೊರಗೆ ಕಾಯಲಿ." ಅವನು ಎದ್ದಾಗ ಅಧ್ಯಕ್ಷರು ದನಿ ತಗ್ಗಿಸಿ ಹೇಳಿದರು, "ನಿಂಗೂ ಹೆಂಡ್ತಿ ಮನೆ ಇದೆಯಪ್ಪ. ನೀನು ಈಗ ಹೇಳಿದ್ದು ನಾನು ಕೇಳಿಸ್ಕೊಂಡಿಲ್ಲ. ಹೋಗಿ ತಣ್ಣಗೆ ಕೂತ್ಕೊ."

ಅವರು ಉಪಕಾರ ಮಾಡುತ್ತಿದ್ದರು. ಅದು ಅವರ ಮುಖದಲ್ಲಿ ಕಾಣುತ್ತಿತ್ತು. ಅವನಿಗೆ ಅದಕ್ಕಿಂತ ಹೆದರಿಕೆಯಾಗುವ ಮುಖ ಇನ್ನೊಂದಿರಲಿಲ್ಲ.

ಪಡಸಾಲೆಯ ಬೆಂಚಿನ ಮೇಲೆ ಇಬ್ಬರೂ ಕೂತರು. ಭಾವ ಉಸಿರು ಬಿಟ್ಟು, "ಹುಚ್ಚು ಮುಂಡೇದೇ, ನಿನ್ನ ಪುಣ್ಯ ದೊಡ್ಡದು," ಎಂದ. "ಮೇಷ್ಟ್ರು ಒಳ್ಳೆಯವರು, ಹೂತುಹಾಕಿದ್ರು. ಇನ್ನು ಬಾಯಿಗೆ ಬೀಗ ಹಾಕ್ಕೊಂಡಿದ್ರೆ ಎಚ್ಚರಿಕೆಯಲ್ಲೇ ಮುಗಿಯುತ್ತೆ."

ಅವನು ಎದ್ದು ಅಟೆಂಡರ್ ಮೇಜಿಗೆ ಹೋದ. "ಫೋನ್ ಬೇಕಿತ್ತು. ಎರಡೇ ನಿಮಿಷ."

"ವಿಚಾರಣೆ ಮುಗಿದ ಮೇಲೆ ಸರ್."

"ಅರ್ಜೆಂಟು. ಒಂದು ಶಾಲೆಗೆ—"

"ಇಲ್ಲಿಗೆ ಬರೋರಿಗೆಲ್ಲ ಅರ್ಜೆಂಟೇ ಸರ್," ಎಂದು ಅಟೆಂಡರ್ ತಟ್ಟೆಯನ್ನು ಡ್ರಾಯರಿನೊಳಗೆ ಸರಿಸಿದ. "ಹೊರಗೆ ಎಲ್ಲೂ ಹೋಗ್ಬೇಡಿ ಮತ್ತೆ. ಮೂರು ಸಲ ಕರೀತೀನಿ. ಇಲ್ಲ ಅಂದ್ರೆ ಆರೋಪ ಎಲ್ಲ ಒಪ್ಕೊಂಡ ಹಾಗೆ ಅಂತ ಬರ್ಕೊಳ್ತಾರೆ. ಹೋದ ವರ್ಷ ಒಬ್ಬರು ಸಿಗರೇಟು ಸೇದೋಕೆ ಹೋಗಿ ಸೀಲು ಕಳ್ಕೊಂಡ್ರು."

ಗಡಿಯಾರ ಹನ್ನೊಂದು ಐವತ್ತು ತೋರಿಸುತ್ತಿತ್ತು. ಶಾಲೆ ಅಲ್ಲಿಂದ ಬಸ್ಸಿನಲ್ಲಿ ಇಪ್ಪತ್ತು ನಿಮಿಷ, ಬಸ್ಸು ಸಿಕ್ಕಿದರೆ. ಮುಚ್ಚಿದ ಬಾಗಿಲಿನ ಆಚೆ ಅಧ್ಯಕ್ಷರ ದನಿ ಒಂದೇ ಸಮನೆ ಕೇಳುತ್ತಿತ್ತು, ನಡುವೆ ಸೇತುವೆ ಮೇಡಂ ದನಿ ಏರಿ ಇಳಿಯುತ್ತಿತ್ತು. ಅವನು ಬಂದು ಭಾವನ ಪಕ್ಕ ಕೂತ.

"ಭಾವ."

"ಏನು?"

"ಬರವಣಿಗೆ ಬೇಕು ಅಂದ್ರು. ಇನ್ನೊಬ್ಬ ಸದಸ್ಯ ಕೊಡಬೇಕು ಅಂದ್ರು. ನೀವು ಸದಸ್ಯರೇ ತಾನೆ?"

ಭಾವ ತಿರುಗಿ ನೋಡಿದ.

"ಎರಡೇ ಸಾಲು ಬರೆದು ಒಳಗೆ ಕಳಿಸಿ. ಇಂಥ ಶಾಲೆ ಗ್ಯಾಲರಿ ಅಪಾಯದಲ್ಲಿದೆ ಅಂತ. ನಿಮ್ಮ ಸಹಿ ಇದ್ರೆ ಅವರು ಇಲ್ಲ ಅನ್ನೋ ಹಾಗಿಲ್ಲ. ಮೇಡಂ ಬಿಡಲ್ಲ."

ಭಾವ ಎದೆಜೇಬಿನ ಪೆನ್ನಿಗೆ ಕೈ ಹಾಕಿದ. ಬರೀ ನಟನೆಯಲ್ಲ, ನಿಜವಾಗಿಯೂ ತೆಗೆದ. ಕ್ಯಾಪು ಬಿಚ್ಚಿದ. ಫೈಲಿನಿಂದ ಒಂದು ಬಿಳಿ ಹಾಳೆಯನ್ನೂ ಎಳೆದು ತೊಡೆಯ ಮೇಲೆ ಇಟ್ಟುಕೊಂಡ. ತಾರೀಕು ಬರೆದ. ಆಮೇಲೆ ಪೆನ್ನು ಅಲ್ಲೇ ನಿಂತಿತು.

"ನಾನು ಆ ಗ್ಯಾಲರಿ ನೋಡೇ ಇಲ್ವಲ್ಲೋ," ಎಂದ.

"ನಾನು ನೋಡಿದೀನಿ."

"ನಿಂಗೆ ಗೊತ್ತು. ನಂಗೆ ಯಾವಾಗ ಗೊತ್ತಾಯ್ತು ಅಂತ ಕೇಳ್ತಾರೆ. ಹದಿನೈದು ದಿನದ ಹಿಂದೆ ಅನ್ನಬೇಕು. ಗೊತ್ತಿದ್ದೂ ಸುಮ್ಮನಿದ್ದ ಸದಸ್ಯನಿಗೂ ಅದೇ ಶಿಕ್ಷೆ, ನಿಯಮ ಹತ್ತು." ಭಾವನ ದನಿ ಇದ್ದಕ್ಕಿದ್ದಂತೆ ಚಿಕ್ಕದಾಯಿತು. ಅಷ್ಟು ವರ್ಷಗಳಲ್ಲಿ ಭಾವನನ್ನು ಹೆದರಿದವನಾಗಿ ಅವನು ನೋಡಿರಲಿಲ್ಲ. "ನನ್ನ ಮಗಳ ಓದು ಇನ್ನೂ ಎರಡು ವರ್ಷ ಇದೆಯೋ. ಸ್ವಲ್ಪ ತಡಿ. ಒಳಗೆ ಮಾತಾಡ್ತಿದಾರಲ್ಲ. ಏನಾದ್ರೂ ಮಾಡ್ತಾರೆ."

ಅವನು ಆ ಹಾಳೆಯ ಮೇಲಿದ್ದ ತಾರೀಕನ್ನು ನೋಡಿದ. ಭಾವನ ಮೇಲೆ ಸಿಟ್ಟು ಬರಲಿಲ್ಲ. ಎರಡು ವಾರ ತಾನು ಮಾಡಿದ್ದೂ ಅದನ್ನೇ. ಯಾರಾದರೂ ಏನಾದರೂ ಮಾಡುತ್ತಾರೆ ಎಂದು ಕಾದಿದ್ದ. ಹನ್ನೊಂದು ಐವತ್ತೇಳು. ಈಗ ಆ ಮಕ್ಕಳು ಸಾಕ್ಸ್ ಎಳೆದುಕೊಳ್ಳುತ್ತಿರುತ್ತಾರೆ. ಎತ್ತರದವರು ಹಿಂದೆ, ಗಿಡ್ಡವರು ಮುಂದೆ ಎಂದು ಯಾರೋ ಟೀಚರು ಸಾಲು ಮಾಡಿಸುತ್ತಿರುತ್ತಾರೆ. ಗಿಡ್ಡವರು ಮುಂದೆ, ಅಂದರೆ ತುದಿಯಲ್ಲಿ.

ಅವನು ಎದ್ದ.

"ಎಲ್ಲಿಗೆ?"

"ನೀರು ಕುಡಿದು ಬರ್ತೀನಿ."

"ಬೇಗ ಬಾ."

ಪಡಸಾಲೆಯ ತುದಿಯಲ್ಲಿ, ಮೆಟ್ಟಿಲಿನ ತಿರುವಿನಲ್ಲಿ, ನೀರಿನ ಫಿಲ್ಟರ್ ಇತ್ತು. ಅವನು ಅದರತ್ತ ನಡೆದ. ಭಾವ ನೋಡುತ್ತಿದ್ದ ಹಾಗೇ ತಿರುವಿನಲ್ಲಿ ಮರೆಯಾದ. ಮೆಟ್ಟಿಲ ಮೇಲೆ ಚಪ್ಪಲಿ ಸದ್ದು ಮೊದಲು ಒಂದೊಂದಾಗಿ, ಆಮೇಲೆ ಎರಡೆರಡಾಗಿ ಕೆಳಗಿಳಿಯಿತು; ಭಾವ ಆಗಲೇ ಹಾಳೆಯ ಕಡೆ ತಿರುಗಿದ್ದ.

ಹನ್ನೆರಡು ಗಂಟೆ ಹತ್ತು ನಿಮಿಷಕ್ಕೆ ಬಾಗಿಲು ತೆರೆಯಿತು. ಅಟೆಂಡರ್ ಒಳಗೆ ತಲೆ ಹಾಕಿ, ಏನೋ ಕೇಳಿಕೊಂಡು, ಹೊರಗೆ ಬಂದು ಗಂಟಲು ಸರಿಮಾಡಿಕೊಂಡ.

"ಸದಸ್ಯ ಸಂಖ್ಯೆ ನಾನೂರ ಹದಿನೇಳು."

"ಬರ್ತಾರೆ, ಬರ್ತಾರೆ," ಎಂದು ಭಾವ ಎದ್ದ. "ನೀರು ಕುಡಿಯೋಕೆ ಹೋಗಿದಾರೆ."

"ಸದಸ್ಯ ಸಂಖ್ಯೆ ನಾನೂರ ಹದಿನೇಳು."

ಭಾವ ಹಾಳೆಯನ್ನು ಬೆಂಚಿನ ಮೇಲೆ ಬಿಟ್ಟು, ಪೆನ್ನು ಕೈಯಲ್ಲೇ ಹಿಡಿದು, ಪಡಸಾಲೆಯ ತುದಿಗೆ ಓಡುವ ಹಾಗೆ ನಡೆದ. ತಿರುವಿನಲ್ಲಿ ಯಾರೂ ಇರಲಿಲ್ಲ. ಬಗ್ಗಿ ಕೆಳಗಿನ ಮೆಟ್ಟಿಲುಗಳನ್ನು ನೋಡಿದ. ಅಲ್ಲಿಯೂ ಇರಲಿಲ್ಲ. ಬೀದಿಯ ಬಾಗಿಲು ತೆರೆದಿತ್ತು, ಅದರಿಂದ ಒಂದು ತುಂಡು ಬಿಸಿಲು ಒಳಗೆ ಬಿದ್ದಿತ್ತು. ಹಿಂದಿನಿಂದ ಮೂರನೇ ಕೂಗು ಬಂತು. ಭಾವ ಫಿಲ್ಟರಿನ ಮೇಲೆ ಮಗುಚಿಟ್ಟಿದ್ದ ಲೋಟವನ್ನು ಎತ್ತಿ ಒಳಗೆ ಬೆರಳು ಆಡಿಸಿದ. ಒಣಗಿತ್ತು.